ಕುರ್ಚಿಯ ಪಕ್ಕ ನಿಂತ ಅಜ್ಜನಿಗೆ

ಮೂರನೇ ಮಹಡಿಯ ಕೋಣೆ
ಹನ್ನೊಂದನೇ ತಾರೀಖು, ಭಾನುವಾರ ಮಧ್ಯಾಹ್ನ

ಪ್ರೀತಿಯ ಅಜ್ಜಾ,

ಸಮಸ್ತ ಬಂಧುಬಳಗಕ್ಕೆ ಹರ್ಷಪೂರ್ವಕವಾಗಿ ತಿಳಿಯಪಡಿಸುವುದೇನೆಂದರೆ, ನಿನ್ನ ಮೊಮ್ಮಗಳ ಕೋಣೆಗೆ ನಿನ್ನೆ ಎರಡನೆಯ ಕುರ್ಚಿಯ ಆಗಮನವಾಗಿದೆ! ಗುಜರಿ ಅಂಗಡಿಯಿಂದ ನಾನೇ ತಲೆಯ ಮೇಲೆ ಹೊತ್ತು ತಂದೆ. ಒಂದು ಕಾಲು ಕುಂಟು. ಹಳೆಯ ಚಪ್ಪಲಿಯ ತುಂಡು ಕೊಟ್ಟು ಚಿಕಿತ್ಸೆ ಮಾಡಿದ್ದೇನೆ. ಯಾರಾದರೂ ಬಂದರೆ ಕೂರಲಿ ಅಂತ ತಂದದ್ದು. ಸದ್ಯಕ್ಕೆ ಅದರಲ್ಲಿ ನನ್ನ ಚೀಲ ಕೂತಿದೆ. ಮಾತು ಕಡಿಮೆ, ಒಳ್ಳೆಯ ಸ್ವಭಾವ.

ಅಯ್ಯೋ, ನಿನ್ನ ಮೊಣಕಾಲು ಹೇಗಿದೆ ಅಂತ ಕೇಳುವುದನ್ನೇ ಮರೆತೆ. ಎಡಗಾಲು ಈಗಲೂ ಮೋಡ ಕಟ್ಟುವ ಮೊದಲೇ ಹವಾಮಾನ ವರದಿ ಕೊಡುತ್ತದೆಯೇ? ಅಮ್ಮ ಎಣ್ಣೆ ತಿಕ್ಕಲು ಬಂದಾಗ ಗೊರಕೆ ಹೊಡೆಯುವ ನಾಟಕ ಆಡಬೇಡ. ನಾನು ಚೆನ್ನಾಗಿದ್ದೇನೆ, ಹೊತ್ತುಹೊತ್ತಿಗೆ ಉಣ್ಣುತ್ತೇನೆ. ಅಮ್ಮನಿಗೆ ಇಷ್ಟು ಓದಿ ಹೇಳಿದರೆ ಸಾಕು. ಮುಂದಿನದು ನಮ್ಮಿಬ್ಬರ ನಡುವೆ ಇರಲಿ.

ಕುರ್ಚಿ ಮೇಜುಗಳ ವಿನ್ಯಾಸ ಓದುವವರು ಕೊನೆಗೆ ಆರು ತಿಂಗಳು ಎಲ್ಲಾದರೂ ಕೆಲಸ ಕಲಿಯಲೇಬೇಕು, ಜಾಗವನ್ನು ನಾವೇ ಹುಡುಕಿಕೊಳ್ಳಬೇಕು. ತರಗತಿಯವರೆಲ್ಲ ಹುಡುಕಿಕೊಂಡು ಹೊರಟುಹೋದರು. ಈ ಮಹಡಿಯಲ್ಲಿ ಈಗ ನಾನು, ಸೋರುವ ನಲ್ಲಿ ಮತ್ತು ಮೇಲೆ ಹೇಳಿದ ಚೀಲ. ಹೋದಲ್ಲೆಲ್ಲ "ಅನುಭವ ಇದೆಯಾ?" ಅಂತಾರೆ. ಅನುಭವಕ್ಕೇ ಬಂದೆ ಅಂದರೆ "ಮಾಡ್ಕೊಂಡು ಬನ್ನಿ" ಅಂತಾರೆ. ಹುಚ್ಚು ಬಿಡದೆ ಮದುವೆಯಾಗದು, ಮದುವೆಯಾಗದೆ ಹುಚ್ಚು ಬಿಡದು ಅಂತ ನೀನು ನಗುತ್ತಿದ್ದೆಯಲ್ಲ, ಅದೇ ಈಗ ನನ್ನ ಜಾತಕ. ಒಂದು ವಿದ್ಯೆಯಲ್ಲಿ ಮಾತ್ರ ಪಾರಂಗತಳಾಗಿದ್ದೇನೆ: ಬಾಗಿಲಲ್ಲಿ ಕಾಯಿಸುವ ಕುರ್ಚಿಗಳು. ಯಾವುದು ಬೆನ್ನು ಚುಚ್ಚುತ್ತದೆ, ಯಾವುದು ಮುಂದಕ್ಕೆ ಜಾರಿಸುತ್ತದೆ, ಕಣ್ಣು ಮುಚ್ಚಿಯೂ ಹೇಳಬಲ್ಲೆ. "ಕೂತ್ಕೊಳಿ, ಕರೀತೀವಿ" ಅನ್ನುವುದರಾಚೆ ಮನುಷ್ಯರ ಒಂದು ಮಾತೂ ಕಿವಿಗೆ ಬೀಳದ ದಿನಗಳೂ ಇವೆ ಅಜ್ಜಾ.

ಮೊನ್ನೆ ಹೋದದ್ದು ವಯಸ್ಸಾದವರಿಗೆ ಕುರ್ಚಿ ಮಾಡುವ ಸಣ್ಣ ಕಾರ್ಖಾನೆಗೆ. ಇನ್ನು ಉಳಿದಿರುವ ಜಾಗ ಇದೊಂದೇ. ಇದೂ ತಪ್ಪಿದರೆ ಒಂದು ವರ್ಷ ಹಿಂದೆ ಬೀಳುತ್ತೇನೆ. ಯಜಮಾನಿ ಕನ್ನಡಕ ಹಣೆಗೇರಿಸಿ ನನ್ನ ಕೆಲಸದ ಫೋಟೋಗಳನ್ನು ತಿರುವಿದರು. ನಿನಗೆಂದೇ ಮಾಡಿ ಊರಿಗೆ ಕಳಿಸಿದ ಕುರ್ಚಿಯ ಫೋಟೋ ಬಂತು: ಎತ್ತರದ ಆಸನ, ಊರಿಕೊಂಡು ಏಳಲು ಉದ್ದನೆಯ ಕೈ. ನಾನು ಒಳಗೊಳಗೇ ಹಿಗ್ಗಿದೆ. ಅವರು ಕೇಳಿದರು, "ಅಜ್ಜನಿಗೆ ಕೂರೋಕೆ ಅಂತ ಮಾಡಿದ್ದಲ್ವಾ? ಮತ್ಯಾಕಮ್ಮ ನಿಂತಿದಾರೆ?"

ನೋಡುತ್ತೇನೆ, ಹೌದು! ತಮ್ಮ ತೆಗೆದ ಒಂದೊಂದು ಫೋಟೋದಲ್ಲೂ ನೀನು ಇಸ್ತ್ರಿ ಮಾಡಿದ ಅಂಗಿ ಹಾಕಿ, ಹೊಸ ಹೆಂಡತಿಯ ಹೆಗಲ ಮೇಲೆ ಕೈಯಿಟ್ಟ ಹಾಗೆ ಕುರ್ಚಿಯ ಮೇಲೆ ಕೈಯಿಟ್ಟು ನಿಂತಿದ್ದೀಯ. "ತುಂಬಾ ಚೆನ್ನಾಗಿದೆ ಅಂದ್ರು," ಅಂದೆ. "ಕೂತು ಅಂದ್ರಾ, ನೋಡಿ ಅಂದ್ರಾ?" ಅಂದರು. ನೀನು ಕೂತದ್ದು ಒಂದಾದರೂ ಸಿಗುತ್ತದೆಯೇ ಅಂತ ಫೋಟೋಗಳನ್ನು ಮತ್ತೆ ಮೊದಲಿನಿಂದ ತಿರುವಿದೆ. ಕೊನೆಗೆ, "ತಿಂಗಳ ಕೊನೆಗೆ ಬಾ. ಕೂತವರು ಏನಂದ್ರು ಅಂತ ತಿಳ್ಕೊಂಡು ಬಾ. ಹೊಗಳಿಕೆ ನಂಗೆ ಬೇಡ," ಅಂದರು.

ತಮ್ಮನಿಗೆ ಫೋನು ಮಾಡಿ ಕೇಳಿದರೆ ನಗುತ್ತಾನೆ. ಕುರ್ಚಿಗೆ ಬಂದ ದಿನದ ಪ್ಲಾಸ್ಟಿಕ್ ಹಾಳೆ ಹಾಗೇ ಇದೆಯಂತೆ. ಬಂದವರೆಲ್ಲ ಅದನ್ನು ನೋಡಬಹುದಂತೆ, ಮುಟ್ಟುವ ಹಾಗಿಲ್ಲವಂತೆ. "ಮೊಮ್ಮಗಳ ಕೈಕೆಲಸ, ಸವೆದುಹೋಗುತ್ತೆ" ಅಂತ ನೀನು ಕಾವಲು ಕಾಯುತ್ತೀಯಂತೆ, ಪಕ್ಕದ ಮುರುಕು ಬೆತ್ತದ ಕುರ್ಚಿಯಲ್ಲಿ ಕುಕ್ಕರಿಸಿಕೊಂಡು! ನಗು ಬಂತು. ಆಮೇಲೆ ಬಹಳ ಹೊತ್ತು ಎದುರಿನ ಚೀಲವನ್ನೇ ನೋಡುತ್ತ ಕೂತಿದ್ದೆ. ಇಲ್ಲಿ ಕುರ್ಚಿ ಇದೆ, ಕೂರುವವರಿಲ್ಲ. ಅಲ್ಲಿ ನೀನಿದ್ದೀಯ, ಕೂರುವುದಿಲ್ಲ.

ಅಮ್ಮನಿಗೆ ನಮಸ್ಕಾರ, ತಮ್ಮನಿಗೊಂದು ಗುದ್ದು. ನಿನ್ನ ಆಶೀರ್ವಾದ ಇರಲಿ.

ನಿನ್ನ
ಮರಕುಟಿಗ

ಮರೆತ ಮಾತು: ಫೋನಿನಲ್ಲಿ ಕೇಳಿದರೆ "ಬೊಂಬಾಟಾಗಿದೆ ಮರಿ" ಅಂತ ಮುಗಿಸಿಬಿಡುತ್ತೀಯ, ಅದಕ್ಕೇ ಕಾಗದ. ಇವತ್ತೇ ಆ ಪ್ಲಾಸ್ಟಿಕ್ ಕಿತ್ತು ಬಿಸಾಡು. ಸಂಜೆಯವರೆಗೆ ಕೂತಿರು. ಸವೆದರೆ ಸವೆಯಲಿ, ಇನ್ನೊಂದು ಮಾಡಿಕೊಡುತ್ತೇನೆ. ಪಾದ ಪೂರ್ತಿ ನೆಲ ಮುಟ್ಟುತ್ತದೆಯೇ, ಏಳುವಾಗ ಯಾವ ಮೊಣಕಾಲು ಬೈಯುತ್ತದೆ, ಏನೆಂದು ಬೈಯುತ್ತದೆ, ಒಂದನ್ನೂ ಬಿಡದೆ ತಮ್ಮನ ಕೈಯಲ್ಲಿ ಬರೆಸಿ ಕಳಿಸು.