ನಾಲ್ಕನೆಯ ದೌರ್ಬಲ್ಯ

ಮಾರ್ಚ್ ೧೪, ಶುಕ್ರವಾರ

ಆ ಸಾಲು ಬರೆದವಳು ನಾನೇ. ನಮ್ಮ ಕೊರಿಯರ್ ಕಂಪನಿಯ ಬಲ, ದೌರ್ಬಲ್ಯಗಳನ್ನು ಪಟ್ಟಿ ಮಾಡಲು ಹೋದ ವರ್ಷ ಮುಖ್ಯ ಕಚೇರಿ ಕೇಳಿತ್ತು. ಬಲದ ಕಡೆ ಇನ್ನೂರು ದೇಶ, ಸ್ವಂತ ವಿಮಾನಗಳು. ದೌರ್ಬಲ್ಯದಲ್ಲಿ ನಾಲ್ಕನೆಯದು: ನಮ್ಮ ಶಾಖೆಯಲ್ಲಿ ತಪ್ಪು ವಿಳಾಸ ಸರಿಪಡಿಸುವುದು ಒಬ್ಬನೇ ನೌಕರನ ನೆನಪಿನ ಮೇಲೆ ನಿಂತಿದೆ. ಮ್ಯಾನೇಜರ್ ಬೆನ್ನು ತಟ್ಟಿದ್ದರು.

ಇವತ್ತು ಆ ನೌಕರನ ಮೇಜಿಗೆ ವಿಳಾಸ ತಿದ್ದುವ ಯಂತ್ರ ಬಂತು. ನಾವೆಲ್ಲ ತಾತ ಅಂತ ಕರೆಯುತ್ತಿದ್ದವರ ಇಪ್ಪತ್ತಾರು ವರ್ಷದ ಕೆಲಸ ಮುಗಿಯಿತು. ನನ್ನ ಪಟ್ಟಿಯ ವಿಷಯ ಅವರಿಗೆ ಗೊತ್ತಿಲ್ಲ. ಗೊತ್ತಿದ್ದರೆ ಬೈದಾದರೂ ಹೋಗುತ್ತಿದ್ದರು. ಹೊರಡುವಾಗ, ಅಮ್ಮ ನನಗೆ ಕಳಿಸಿದ ಪಾರ್ಸೆಲ್ ಕೈಗಿಟ್ಟರು.

"ಅಮ್ಮಂಗೆ ಹೊಸ ಮನೆ ನಂಬರ್ ಹೇಳಮ್ಮ. ಇನ್ನೂ ಹಳೇದೇ ಬರೀತಾರೆ."

ಮನೆ ಬದಲಿಸಿ ನಾಲ್ಕು ವರ್ಷವಾಯಿತು. ಅಮ್ಮನ ಒಂದು ಪಾರ್ಸೆಲ್ಲೂ ತಪ್ಪಿಲ್ಲ.

"ಇಷ್ಟು ದಿನ ಯಾಕೆ ಹೇಳ್ಲಿಲ್ಲ?"

"ನಾನಿದ್ನಲ್ಲ."

ಪಾರ್ಸೆಲ್ ಎದುರಿಗೇ ಇದೆ, ಬಿಚ್ಚಲು ಮನಸ್ಸಾಗುತ್ತಿಲ್ಲ. ಎಂದಿನಂತೆ ಹಳೆ ನಂಬರಿನ ಮೇಲೆ ಕೆಂಪು ಗೀಟು, ಪಕ್ಕದಲ್ಲಿ ಹೊಸ ನಂಬರು. ಕೊನೇ ಗಳಿಗೆಯಲ್ಲಿ ನೆನಪಾಗಿ ಅಮ್ಮನೇ ತಿದ್ದುತ್ತಾಳೆ ಅಂದುಕೊಂಡು, ನಾಲ್ಕು ವರ್ಷ ಆ ಗೀಟು ನೋಡಿ ನಗುತ್ತಿದ್ದೆ.