ಮಾತ್ರೆ ಸಾಕು

ಬೇಕರಿಯ ಹಿಂದಿನ ಕೋಣೆ
ಮಂಗಳವಾರ, ೧೪ನೇ ತಾರೀಖು, ಮಧ್ಯಾಹ್ನ

ನನ್ನ ಬಂಗಾರದಂಥ ಮಗಳೇ,

ಹೇಗಿದ್ದೀಯ? ಕೆಮ್ಮು ಹೋಯಿತೇ? ಪ್ರೆಸ್ಸಿನಲ್ಲಿ ಶಾಯಿಯ ವಾಸನೆಗೆ ತಲೆನೋವು ಬರುತ್ತದೆ ಎಂದಿದ್ದೆಯಲ್ಲ, ಕಿಟಕಿ ಪಕ್ಕದ ಜಾಗ ಕೊಟ್ಟರೇ? ಹೊತ್ತಿಗೆ ಸರಿಯಾಗಿ ಊಟ ಮಾಡು. ನಾನು ಚೆನ್ನಾಗಿದ್ದೇನೆ, ಅಂದರೆ ಕೂತಲ್ಲಿ ಕೂರಲಾರದೆ ನಿಂತಲ್ಲಿ ನಿಲ್ಲಲಾರದೆ ಇದ್ದೇನೆ; ಬೆಳಿಗ್ಗೆ ಎರಡು ತಟ್ಟೆ ಬನ್ನು ಸೀಯಿಸಿದೆ. ಮೊಬೈಲಿನಲ್ಲಿ ಬರೆದರೆ ನಿನ್ನ ಅಮ್ಮ ನೋಡಿಬಿಡುತ್ತಾಳೆ, ಮನೆಗಿರುವುದು ಅದೊಂದೇ. ವಿಡಿಯೊದಲ್ಲಿ ಹೇಳೋಣವೆಂದರೆ ನನ್ನ ಕೈಮಾತಂತೂ ನಿನಗೆ ಗೊತ್ತೇ ಇದೆ, ಹಿಟ್ಟು ನಾದಿದ ಹಾಗೆ. ಕಿವಿ ಕೇಳದ ಮಗಳನ್ನು ಇಷ್ಟು ದೊಡ್ಡವಳಾಗಿ ಬೆಳೆಸಿಯೂ ನನ್ನ ಬೆರಳು ತಿರುಗಲಿಲ್ಲ ನೋಡು. ಅದಕ್ಕೇ ಈ ಕಾಗದ.

ಸುದ್ದಿ ಅಮ್ಮನ ಬೆರಳುಗಳದ್ದು. ಅದು ಮೈಯೇ ತನ್ನ ಕೀಲುಗಳ ಮೇಲೆ ತಿರುಗಿಬೀಳುವ ಸಂಧಿವಾತ ಎಂದು ಡಾಕ್ಟರು ಹೇಳಿದ್ದು, ವಾರಕ್ಕೊಂದು ಮಾತ್ರೆ ಕೊಟ್ಟದ್ದು ನಿನಗೆ ಗೊತ್ತು. ನುಂಗಿದ ಮರುದಿನವೆಲ್ಲ ಅವಳಿಗೆ ಹೊಟ್ಟೆ ತೊಳಸುತ್ತಿತ್ತು. ಇಂಜೆಕ್ಷನ್ ಬೇಕಾದೀತು ಎಂದೂ ಡಾಕ್ಟರು ಒಮ್ಮೆ ಅಂದಿದ್ದರು. ಮೂರು ತಿಂಗಳ ಹಿಂದೆ ಹೋದಾಗ ರಕ್ತದ ರಿಪೋರ್ಟು ನೋಡಿ, ತಲೆ ಎತ್ತದೆಯೇ, “ಮಾತ್ರೆ ಸಾಕು. ಊಟದ ಕಡೆ ಗಮನ ಕೊಡಿ” ಎಂದರು. ಅಷ್ಟೇ! ನಿನ್ನ ಅಮ್ಮ ಹೊರಗೆ ಬಂದವಳೇ ಹಬ್ಬ ಬಂದ ಹಾಗೆ ನಕ್ಕು, “ಸಾಕಂತೆ ಕಣ್ರೀ ಮಾತ್ರೆ, ಇನ್ಮೇಲೆ ಬರೀ ಪಥ್ಯ” ಎಂದಳು. ನನಗೂ ಹಾಗೇ ಕೇಳಿಸಿತ್ತು. ರೋಗಿ ಬಯಸಿದ್ದೂ ಹಾಲು ಅನ್ನ, ವೈದ್ಯ ಹೇಳಿದ್ದೂ ಹಾಲು ಅನ್ನ.

ಪಥ್ಯ ಎಂಬ ಮಾತು ಕಿವಿಗೆ ಬಿದ್ದದ್ದೇ ತಡ, ನಿನ್ನ ಸೋದರತ್ತೆ ಪೆಟ್ಟಿಗೆ ಸಮೇತ ಬಂದಿಳಿದಳು. ಅವಳಿಗೀಗ ನಾನಿಟ್ಟ ಹೆಸರು ಬೇಡಮ್ಮ. ಟೊಮೆಟೊ ಬೇಡ, ಬದನೆಕಾಯಿ ಬೇಡ, ಆಲೂಗೆಡ್ಡೆ ಬೇಡ, ಹುಳಿ ಬೇಡ, ಗೋಧಿ ಬೇಡ. ಗಾದೆಯ ಹಾಲನ್ನೂ ಬಿಡಲಿಲ್ಲ, ಅದೂ ಬೇಡ. ಕೊನೆಗೆ ತಟ್ಟೆಯಲ್ಲಿ ಉಳಿದದ್ದು ಅವಳ ಉಪದೇಶ ಒಂದೇ. ಪಾಪ, ಪ್ರೀತಿಯಿಂದಲೇ ಮಾಡಿದಳು, ಬೈಯಬೇಡ. ಮೊದಲ ಕೆಲವು ವಾರ ಅಮ್ಮನಿಗೆ ಹೊಟ್ಟೆ ತೊಳಸಲಿಲ್ಲ, ಮುಖ ಗೆಲುವಾಯಿತು, “ನೋಡಿದ್ಯಾ ನನ್ನ ಪಥ್ಯ!” ಎಂದು ಬೇಡಮ್ಮ ಬೀಗಿದಳು. ಆಮೇಲೆ ಬೆರಳುಗಳು ಊದಿಕೊಂಡವು. ಊದಿದಷ್ಟೂ ತಿನ್ನುವುದು ಕಡಿಮೆಯಾಯಿತು. ಬೆಳಿಗ್ಗೆ ನಲ್ಲಿ ತಿರುಗಿಸಲು ನನ್ನನ್ನು ಕರೆಯುತ್ತಾಳೆ, ರವಿಕೆಯ ಗುಂಡಿಯನ್ನೂ ನಾನೇ ಹಾಕುತ್ತೇನೆ.

ಕಿವಿ ಕೇಳದ ಮಕ್ಕಳಿಗೆ ಅಮ್ಮ ಪಾಠ ಹೇಳುವ ಶಾಲೆಯದ್ದು ಇನ್ನೊಂದು ಕಥೆ. ಮೂರನೇ ತರಗತಿಯ ಮಕ್ಕಳಿಗೆ ನಾಳೆ ರಜೆ ಎಂದು ಕೈಯಲ್ಲಿ ಹೇಳಲು ಹೋದಳಂತೆ. ಬೆರಳು ಮಡಚಲಿಲ್ಲ, ‘ನಾಳೆ’ ಎಲ್ಲೋ ಬಿದ್ದುಹೋಯಿತು, ಇಡೀ ತರಗತಿ ಚೀಲ ಹೆಗಲಿಗೇರಿಸಿ ಗೇಟಿನತ್ತ ಓಡಿತಂತೆ! ನಾನು ಹೊಟ್ಟೆ ಹಿಡಿದುಕೊಂಡು ನಕ್ಕೆ. ಅವಳು ನಗಲಿಲ್ಲ. ಒಬ್ಬ ಹುಡುಗಿ ಪಕ್ಕದವಳಿಗೆ ಕೈಯಲ್ಲೇ, ಟೀಚರಿಗೆ ತೊದಲು ಬಂದಿದೆ ಎಂದದ್ದನ್ನು ಕಣ್ಣಾರೆ ನೋಡಿದ್ದಳು.

ಹೋದ ವಾರ ಡಾಕ್ಟರ ಬಳಿ ಎಳೆದುಕೊಂಡೇ ಹೋದೆ. “ಮಾತ್ರೆ ತಗೊಳ್ತಿದೀರಾ?” ಎಂದರು. “ನೀವೇ ಸಾಕು ಅಂದ್ರಲ್ಲ” ಎಂದಳು. ಅವರು ಪೆನ್ನು ಕೆಳಗಿಟ್ಟು ಹಣೆ ಚಚ್ಚಿಕೊಂಡರು. “ಅಯ್ಯೋ ತಾಯಿ, ಇಂಜೆಕ್ಷನ್ ಬೇಡ, ಮಾತ್ರೆನೇ ಸಾಕಾಗತ್ತೆ ಅಂದಿದ್ದು ನಾನು!” ಒಂದು ‘ಸಾಕು’ ಎಂಥ ಕೆಲಸ ಮಾಡಿತು ನೋಡು. ಊಟ ಮಾತ್ರೆಗೆ ಜೊತೆ, ಬದಲಿ ಅಲ್ಲವಂತೆ. ಮೀನು, ಅಕ್ರೋಟು, ಅಗಸೆ ಬೀಜ, ಸೊಪ್ಪು, ಹಣ್ಣು ತಿನ್ನಬೇಕು. ಸಕ್ಕರೆ, ಕರಿದದ್ದು ಕಡಿಮೆ ಮಾಡಬೇಕು. ಯಾವುದಾದರೂ ಒಂದು ಪದಾರ್ಥ ತಿಂದಾಗಲೆಲ್ಲ ನೋವು ಹೆಚ್ಚಿದರೆ ಅದೊಂದನ್ನು ತಮಗೆ ಹೇಳಬೇಕು, ಸುಮ್ಮನೆ ಎಲ್ಲ ಬಿಟ್ಟು ಸೊರಗಬಾರದು. “ಬೇಕರಿ ತಿಂಡಿ ಆದಷ್ಟೂ ಬೇಡ” ಎನ್ನುವಾಗ ನನ್ನ ಕಡೆ ನೋಡಿದರು, ನಾನೇ ಕಳ್ಳ ಎಂಬಂತೆ. ಮಾತ್ರೆ ಮತ್ತೆ ಶುರುವಾಗಿದೆ, ಹೊಟ್ಟೆ ತೊಳಸದಿರಲು ಜೊತೆಗೆ ಇನ್ನೊಂದು ಕೊಟ್ಟಿದ್ದಾರೆ. ರೋಗ ಹಿಡಿತಕ್ಕೆ ಬರಲು ವಾರಗಳು ಬೇಕಂತೆ. ಬಾಗಿದ ಬೆರಳು ಎಷ್ಟು ನೆಟ್ಟಗಾದೀತು ಎಂದು ಕೇಳಿದೆ. ನೋಡೋಣ ಎಂದರು. ಆ ‘ನೋಡೋಣ’ ನನ್ನನ್ನು ಮಲಗಲು ಬಿಡುತ್ತಿಲ್ಲ.

ಈಗ ಅವಳು ಶಾಲೆ ಬಿಡುತ್ತಾಳಂತೆ. “ಕೈ ತೊದಲೋಳು ಮಕ್ಕಳಿಗೆ ಏನ್ ಕಲಿಸ್ಲಿ?” ಎನ್ನುತ್ತಾಳೆ. ನನ್ನ ಜೊತೆ ಬಾಯಲ್ಲಿ ಮಾತಾಡುವಾಗಲೂ ಅವಳ ಕೈ ಸುಮ್ಮನಿರುತ್ತಿರಲಿಲ್ಲ, ನಿನಗೆ ಗೊತ್ತಲ್ಲ. ಈಗ ಎರಡೂ ಮಡಿಲಲ್ಲಿ ಬಿದ್ದಿರುತ್ತವೆ. ನನಗೆ ಭಯವಾಗುತ್ತಿದೆ ಮಗಳೇ. ನಾನು ಏನು ಹೇಳಿದರೂ, “ನೀವು ಹಿಟ್ಟು ನೋಡ್ಕೊಳ್ಳಿ” ಎಂದುಬಿಡುತ್ತಾಳೆ.

ನೀನು ಚೆನ್ನಾಗಿರು. ಕೈತುಂಬ ಕೆಲಸ, ಕಣ್ತುಂಬ ನಿದ್ದೆ ಇರಲಿ. ನಿನ್ನ ಕೋಣೆಯ ಗೆಳತಿಯರಿಗೆ ನನ್ನ ನೆನಪು ಹೇಳು. ಬೇಡಮ್ಮನೂ ನಿನ್ನನ್ನು ಕೇಳಿದಳು.

ಇಂತಿ,
ನಿನ್ನ ಅಪ್ಪ

ಮತ್ತೆ: ಇದನ್ನು ಮರೆತದ್ದಲ್ಲ, ಬರೆಯಲು ಧೈರ್ಯ ಬರಲಿಲ್ಲ. ಮೊಬೈಲಿನ ಕ್ಯಾಮೆರಾ ಕೆಟ್ಟಿದೆ ಎಂದು ಅಮ್ಮ ನಿನಗೆ ಬರೆದಿದ್ದಾಳಲ್ಲ, ಸುಳ್ಳು. ಕ್ಯಾಮೆರಾ ಕಲ್ಲುಗುಂಡಿನ ಹಾಗಿದೆ. ತನ್ನ ಕೈಮಾತು ನಿನಗೂ ತಿಳಿಯದೆ ಹೋದರೆ ಎಂದು ಅವಳಿಗೆ ಹೆದರಿಕೆ. ಈ ಭಾನುವಾರ ನೀನೇ ವಿಡಿಯೊ ಕರೆ ಮಾಡು, ನಾನು ಅವಳ ಮುಂದೆ ಹಿಡಿಯುತ್ತೇನೆ, ಬೈದರೆ ಬೈಯಲಿ. ತಿಳಿಯದಿದ್ದರೆ ತಿಳಿದಂತೆ ತಲೆ ಆಡಿಸಬೇಡ, ಮತ್ತೆ ಕೇಳು. ನಿನಗೆ ಎರಡು ವರ್ಷವಿದ್ದಾಗ ನಿನ್ನ ಪುಟ್ಟ ಬೆರಳುಗಳು ಏನು ಹೇಳುತ್ತಿವೆ ಎಂದು ನಮಗ್ಯಾರಿಗೂ ತಿಳಿಯುತ್ತಿರಲಿಲ್ಲ. ಅವಳೊಬ್ಬಳು ಒಲೆ ಆರಿಸಿ, ನಿನ್ನೆದುರು ನೆಲದ ಮೇಲೆ ಕೂತು, ನೀನು ಹೇಳಿ ಮುಗಿಸುವವರೆಗೂ ನೋಡುತ್ತಿದ್ದಳು.