ಮೇಜಿನ ಮೇಲಿನ ಖಾಲಿ ಎಲೆ

ಮಳಿಗೆಯ ಮೇಲಂತಸ್ತು,
ಮಾರ್ಚ್ ೧೧, ಮಂಗಳವಾರ

ಪ್ರೀತಿಯ ಸೊಸೆಗೆ ಮಾವನ ಆಶೀರ್ವಾದಗಳು.

ತವರಿನಲ್ಲಿ ನಿನಗೆ ನಿದ್ರೆ ಸರಿಯಾಗಿ ಬರುತ್ತಿದೆಯೇ? ತಾಯಿಯವರ ಮಂಡಿನೋವು ಹೇಗಿದೆ? ನಾನು ಚೆನ್ನಾಗಿದ್ದೇನೆ ಎಂದು ಬರೆಯುವುದು ವಾಡಿಕೆ, ಬರೆದಿದ್ದೇನೆಂದೇ ತಿಳಿದುಕೋ.

ನಿನ್ನ ಚಿಕ್ಕಮಾವ ನನ್ನ ತಾಳ್ಮೆ ಕೆಡಿಸಿದ್ದಾನೆ. ನಮ್ಮ ಬೀಟೆಮರದ ಬರೆಯುವ ಮೇಜಿನ ಪದ್ಧತಿ ನಿನಗೆ ಗೊತ್ತು: ವ್ಯಾಪಾರದ ಹೊಣೆ ಹೊತ್ತು ಅದರ ಮುಂದೆ ಕುಳಿತವನ ಹೆಸರಿನಲ್ಲಿ, ಮೇಲ್ಹಲಗೆಯ ಬಳ್ಳಿಗೆ ಬೇರೆ ಮರದ ಒಂದು ಎಲೆ ಸೇರುತ್ತದೆ. ಕುಳಿತ ದಿನವೇ ಮರದ ಕುಸುರಿ ಕೆಲಸದವರು ಎಲೆಯಾಕಾರದ ಗುಳಿ ತೋಡುತ್ತಾರೆ. ವರ್ಷ ತುಂಬಿದ ಮೇಲೆ, ಅವನೇ ಆರಿಸಿದ ಮರವನ್ನು ಅದರಲ್ಲಿ ಕೂರಿಸುತ್ತಾರೆ. ಅಜ್ಜನದು ನಿಂಬೆ, ಅಪ್ಪನದು ಹಿಪ್ಪುನೇರಳೆ, ನನ್ನದು ಕರಿಮರ. ನಿನ್ನ ಗಂಡನ ಗುಳಿ ಮಾತ್ರ ಖಾಲಿ ಉಳಿಯಿತು. ವರ್ಷ ತುಂಬುವ ಮೊದಲೇ ಅವನು ನಮ್ಮನ್ನಗಲಿ ಹೋದ.

ಮೊನ್ನೆ ನಾನು ಗೋದಾಮಿಗೆ ಹೋಗಿದ್ದಾಗ ತಮ್ಮ ಆ ಗುಳಿಗೆ ಮೇಣ ತುಂಬಿಸಿ, ಮೇಲೆ ಪಾಲಿಶ್ ಬೇರೆ ಉಜ್ಜಿಸಿದ್ದಾನೆ! ಕೇಳಿದರೆ, "ಅದನ್ನ ನೋಡ್ದಾಗೆಲ್ಲ ನಿನ್ ಮುಖ ಬಾಡ್ತಿತ್ತಲ್ಲ ಅಣ್ಣಾ, ಅದಕ್ಕೇ ಮುಚ್ಚಿಸ್ದೆ" ಎಂದ. ಮುಚ್ಚುವುದಾದರೆ ಎಲೆಯಿಂದಲೇ ಮುಚ್ಚಬೇಕು ಎಂದೆ. ಆಗ ಅವನ ದನಿ ಏರಿತು. "ವರ್ಷ ತುಂಬದೆ ಎಲೆ ಇಲ್ಲ ಅಂತ ನಂಗೆ ತಪ್ಪಿಸಿದ್ಯಾರು? ನೀನೇ ಅಲ್ವಾ? ಈಗ ನಿನ್ ಮಗನಿಗೊಂದು ನ್ಯಾಯವಾ?"

ಅವನು ಹೇಳಿದ್ದು ನಿಜ. ಹರೆಯದಲ್ಲಿ ಕೆಲವು ತಿಂಗಳು ಅಲ್ಲಿ ಕುಳಿತು, ಬೇಸತ್ತು ಎದ್ದುಹೋದವನು ಅವನು. ಅವನ ಗುಳಿಗೆ ಆಗಲೇ ಮೇಣ ತುಂಬಿಸಿದ್ದೆವು. ಅಂದು ಮನೆಯವರೆಲ್ಲರ ಮುಂದೆ ನಾನು ಮಂಡಿಸಿದ ವಾದದಲ್ಲಿ ಒಂದು ಬಿರುಕೂ ಇರಲಿಲ್ಲ. ಇಂದಿಗೂ ಇಲ್ಲ, ಅದೇ ನನ್ನ ಸಂಕಟ. ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ಯಾವ ಪಕ್ಷ ಕೊಟ್ಟರೂ ಗೆದ್ದುಬರುತ್ತಿದ್ದ ನಾನು, ಎರಡು ದಿನ ತಡಕಾಡಿದರೂ ನನ್ನ ಮಾತಿಗೇ ಉತ್ತರ ಕಾಣಲಿಲ್ಲ. "ಅಪ್ಪನ ಹತ್ರ ಉಪ್ಪು ಕೇಳಿದ್ರೂ ಪರ-ವಿರೋಧ ಎರಡೂ ಕೇಳ್ಬೇಕು" ಎಂದು ನಿನ್ನ ಗಂಡ ನಗುತ್ತಿದ್ದ. ಕೊನೆಗೆ ಚಾಕು ಹಿಡಿದು ಮೇಣವನ್ನೆಲ್ಲ ಕೆರೆದು ತೆಗೆದೆ. ಪಕ್ಕದ ಬಳ್ಳಿಗೂ ಗೀರು ಬಿತ್ತು. ತಮ್ಮ ಬಾಗಿಲಲ್ಲೇ ನಿಂತು ನೋಡಿದ.

ಊಟ ಬಿಡಬೇಡ. ಹಿರಿಯರಿಗೆ ನನ್ನ ನಮಸ್ಕಾರ ತಿಳಿಸು.

ಇತಿ,
ನಿನ್ನ ಮಾವ

ಮರೆತಿದ್ದೆ: ಕುಸುರಿಯವರು ಬರುವ ವಾರ ಬರುತ್ತಾರೆ. ನಿಯಮ ಹಾಗೇ ಇರಲಿ, ಆದರೂ ಎರಡು ಎಲೆ ಮಾಡಲು ಹೇಳಿದ್ದೇನೆ. ತಮ್ಮ ತನ್ನದಕ್ಕೆ ತೇಗ ಸಾಕೆಂದ. ಇನ್ನೊಂದಕ್ಕೆ ಯಾವ ಮರವೆಂದು ಅವರು ಕೇಳಿದಾಗ, ಸೊಸೆಯನ್ನು ಕೇಳಿ ಹೇಳುತ್ತೇನೆಂದೆ. ನಿನ್ನ ಗಂಡ ನಿನಗೆ ಹೇಳಿರಬೇಕು. ಕೂಡಲೇ ಬರೆ, ಮಗಳೇ.